ಅರ್ಘಾಧಿಪತಿಯ ಹುಡುಕಾಟ



ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ಮಂಡಿ ವ್ಯಾಪಾರಸ್ಥರು. ವಿಷಯ ಯಾವುದಾದರೂ ಇರಲಿ, ಕೇಳಿದವರಿಗೆ ವ್ಯವಹಾರಕ್ಕೆ ಉಪಯೋಗವಾಗಬೇಕು ಎಂಬುದು ಅವರ ಆಸೆಯಾಗಿತ್ತಂತೆ. ಸಂಖ್ಯಾಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನನ್ನಿಂದ ಯಾವ ವ್ಯವಹಾರಕ್ಕೆ ಏನು ಉಪಯೋಗವಾದೀತು ಎಂದು ಯೋಚಿಸುತ್ತಿದ್ದೆ. ಆ ವಾರವೇ ಬಂಧುಗಳ ಹುಡುಗನೊಬ್ಬ ಮನೆಗೆ ಬಂದ. ಎಂಜಿನಿಯರು, ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ. ಕಾಫಿ ಲೋಟ ಕೆಳಗಿಡುತ್ತಾ, 'ಮಾವ, ಬುಧ ವಕ್ರಿಯಾಗ್ತಿದಾನೆ, ಈ ಎಕ್ಸ್‌ಪೈರಿಗೆ ಪುಟ್ ತಗೊಂಡು ಕೂತಿದೀನಿ' ಎಂದ. ವಾಯಿದೆ ಮುಗಿಯುವುದರೊಳಗೆ ಷೇರುಪೇಟೆ ಬೀಳುತ್ತದೆಂಬ ಪಣ ಅದು. ನನಗೆ ವಿಷಯ ಸಿಕ್ಕಿತು.

ಆ ಹುಡುಗನನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ. ನಾನು ಬೆಳೆದದ್ದೇ ಇಂಥ ಮಾತುಗಳ ನಡುವೆ. ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ಯುಗಾದಿಯ ಸಂಜೆ ದೇವಸ್ಥಾನದಲ್ಲಿ ಪಂಚಾಂಗ ಶ್ರವಣ. ಈ ಸಂವತ್ಸರಕ್ಕೆ ರಾಜ ಯಾರು, ಮಂತ್ರಿ ಯಾರು, ಸಸ್ಯಾಧಿಪತಿ, ಧಾನ್ಯಾಧಿಪತಿ, ಮೇಘಾಧಿಪತಿ ಯಾರು ಎಂದು ಜೋಯಿಸರು ಓದುತ್ತಾ ಹೋಗುವಾಗ ಮಂಡಿಯವರು ಎಲೆಅಡಿಕೆ ಹಾಕಿಕೊಂಡು ಹರಟುತ್ತಿದ್ದರು. ಅರ್ಘಾಧಿಪತಿಯ ಸರದಿ ಬಂತೆಂದರೆ ಹರಟೆ ನಿಲ್ಲುತ್ತಿತ್ತು. ಅರ್ಘ ಎಂದರೆ ಬೆಲೆ. ಆ ವರ್ಷದ ತೇಜಿ-ಮಂದಿಯ ಯಜಮಾನ ಯಾರೆಂದು ತಿಳಿಯದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ.

ಈ ಅಧಿಪತಿಗಳನ್ನು ಹೇಗೆ ಆರಿಸುತ್ತಾರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಯುಗಾದಿ ಯಾವ ವಾರ ಬರುತ್ತದೋ ಆ ವಾರದ ಗ್ರಹವೇ ರಾಜ. 2024ರ ಯುಗಾದಿ ಮಂಗಳವಾರ ಬಂತು, ಹಾಗಾಗಿ ಕ್ರೋಧಿ ಸಂವತ್ಸರಕ್ಕೆ ಕುಜ ರಾಜನಾದ. ಉಳಿದ ಅಧಿಪತಿಗಳೂ ಇಂಥ ಸಂಕ್ರಮಣ ಇಂಥ ವಾರ ಎಂಬ ಲೆಕ್ಕದಲ್ಲೇ ಬರುತ್ತಾರೆ. ಅಂದು ಕುಜ ಆಕಾಶದಲ್ಲಿ ಎಲ್ಲಿದ್ದ, ಉಚ್ಚನೋ ನೀಚನೋ, ಈ ನೇಮಕಾತಿಗೆ ಬೇಕಿಲ್ಲ. ಗ್ರಹಗಳ ಹೆಸರಿದ್ದರೂ ಇದು ಏಳು ವಾರಗಳ ಸರದಿ ಪಟ್ಟಿ.

ಹಾಗೆಂದು ಹಳಬರನ್ನೆಲ್ಲ ಒಂದೇ ಗೋಣಿಗೆ ತುಂಬಲಾಗದು. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಅರ್ಘಕಾಂಡ ಎಂದು ಒಂದು ಅಧ್ಯಾಯವನ್ನೇ ಇಟ್ಟಿದ್ದಾನೆ. ಅದರ ಹಿಂದಿನ ಅಧ್ಯಾಯದಲ್ಲಿ ಯಾವ ಸರಕು ಯಾವ ರಾಶಿಗೆ ಸೇರಿದ್ದೆಂಬ ಪಟ್ಟಿಯಿದೆ. ಅರ್ಘಕಾಂಡಕ್ಕೆ ಬಂದರೆ ಸೂರ್ಯ ಯಾವ ರಾಶಿಯಲ್ಲಿದ್ದಾಗ ಏನನ್ನು ಕೊಂಡು ಕೂಡಿಡಬೇಕು, ಎಷ್ಟನೆಯ ತಿಂಗಳಲ್ಲಿ ಮಾರಿದರೆ ಲಾಭ ಎಂಬ ಸಲಹೆ. ಇದರಲ್ಲಿ ಒಂದು ತಿರುಳಿದೆ. ಸೂರ್ಯನ ರಾಶಿ ಎಂದರೆ ಋತು. ಕೊಯ್ಲಿನ ಹೊತ್ತಿಗೆ ಧಾನ್ಯ ಅಗ್ಗ, ನಾಲ್ಕು ತಿಂಗಳು ಕಳೆದರೆ ತುಟ್ಟಿ. ನಮ್ಮ ರೈತರ ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರಾ ಮಳೆ ಎಂಬ ಲೆಕ್ಕವೂ ಇಂಥದ್ದೇ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ. ಆ ನಕ್ಷತ್ರ ಮಳೆ ಸುರಿಸುವುದಿಲ್ಲ, ಅದು ಕ್ಯಾಲೆಂಡರಿನ ಮನೆ ಅಷ್ಟೆ. ಸೂರ್ಯನಿಗೂ ಬೆಳೆಗೂ, ಬೆಳೆಗೂ ಬೆಲೆಗೂ ನಡುವೆ ಕಣ್ಣಿಗೆ ಕಾಣುವ ದಾರಿಯಿದೆ. ಶನಿಗೂ ಬ್ಯಾಂಕ್ ಷೇರಿಗೂ ನಡುವೆ ಅಂಥ ದಾರಿ ಎಲ್ಲಿದೆ ಎಂದು ನಾನು ಯಾರನ್ನು ಕೇಳಿದರೂ 'ಅನುಭವ' ಎಂಬ ಉತ್ತರ ಬಂದಿದೆ.

ಆ ದಾರಿಯನ್ನು ಪ್ರಾಮಾಣಿಕವಾಗಿ ಹುಡುಕಿದ ಒಬ್ಬರ ಕಥೆ ಹೇಳಬೇಕು. ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 19ನೇ ಶತಮಾನದ ಇಂಗ್ಲೆಂಡಿನ ದೊಡ್ಡ ಅರ್ಥಶಾಸ್ತ್ರಜ್ಞ. ಅವರ ದೇಶದ ವ್ಯಾಪಾರ 1825ರಲ್ಲಿ ಕುಸಿಯಿತು. ಮತ್ತೆ 1836-37, 1847, 1857, 1866. ಹತ್ತು ವರ್ಷಕ್ಕೊಮ್ಮೆ ಗಡಿಯಾರ ಹೊಡೆದಂತೆ ಬಿಕ್ಕಟ್ಟು! ಸೂರ್ಯನ ಮೇಲಿನ ಕಲೆಗಳೂ ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ಕುಗ್ಗುತ್ತವೆ ಎಂದು ಖಗೋಳಜ್ಞರು ಆ ಶತಮಾನದಲ್ಲೇ ಗುರುತಿಸಿದ್ದರು. 1875ರಲ್ಲಿ ಜೆವನ್ಸ್ ಹಳೆಯ ಕಾಲದ ಧಾನ್ಯದ ಬೆಲೆಗಳನ್ನು ಹಿಡಿದು, ಬೆಲೆಯೂ ಸೂರ್ಯನ ಲಯಕ್ಕೇ ಕುಣಿಯುತ್ತದೆ ಎಂದು ಪ್ರಬಂಧ ಓದಿದರು. ಆಮೇಲೆ ಅವರಿಗೇ ಅನುಮಾನ ಬಂತು. ಅದೇ ಅಂಕಿಗಳನ್ನು ಹನ್ನೊಂದರ ಬದಲು ಬೇರೆ ಬೇರೆ ಅವಧಿಗಳಿಗೆ ಹಾಕಿ ನೋಡಿದರೆ ಅವಕ್ಕೂ ಅಷ್ಟೇ ಚೆನ್ನಾಗಿ ಹೊಂದುತ್ತಿದ್ದವು. ಪ್ರಬಂಧವನ್ನು ವಾಪಸು ತೆಗೆದುಕೊಂಡರು. ಈ ಕಾರಣಕ್ಕೇ ನನಗೆ ಈ ಮನುಷ್ಯನ ಮೇಲೆ ಗೌರವ.

ಆದರೂ ಗೀಳು ಬಿಡಲಿಲ್ಲ. ಸೌರಕಲೆಗಳ ಹನ್ನೊಂದು ವರ್ಷಕ್ಕೂ ಬಿಕ್ಕಟ್ಟುಗಳ ಸುಮಾರು ಹತ್ತೂವರೆ ವರ್ಷಕ್ಕೂ ತಾಳ ಕೂಡುತ್ತಿಲ್ಲವಲ್ಲ ಎಂದು ಕೊರಗುತ್ತಿದ್ದಾಗ ಜಾನ್ ಅಲನ್ ಬ್ರೌನ್ ಎಂಬಾತ ಸೌರಕಲೆಗಳ ಅವಧಿಯನ್ನು 10.45 ವರ್ಷ ಎಂದು ಹೊಸದಾಗಿ ಲೆಕ್ಕ ಹಾಕಿದ. ಈ ಬ್ರೌನ್ ಹಿಂದೆ ತಿರುವನಂತಪುರದ ವೀಕ್ಷಣಾಲಯವನ್ನು ನಡೆಸಿದವನು. ಜೆವನ್ಸ್ ಅವರಿಗೆ ಕಳೆದ ಗಂಟು ಸಿಕ್ಕಿದಂತಾಯಿತು. ಬಿಕ್ಕಟ್ಟುಗಳ ಸಾಲನ್ನು ಹಿಂದಕ್ಕೆ, 18ನೇ ಶತಮಾನದವರೆಗೆ ಎಳೆದರು. ಬಿಕ್ಕಟ್ಟು ಕಾಣದ ಕಡೆ ಇದ್ದಿರಲೇಬೇಕೆಂದು ಹುಡುಕಿದರು. 1878ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದದ್ದರ ಸಾರ ಇಷ್ಟು: ಸೂರ್ಯ ಕುಂದಿದರೆ ಭಾರತದಲ್ಲಿ ಮುಂಗಾರು ಕೈಕೊಡುತ್ತದೆ, ರೈತನ ಕೈಯಲ್ಲಿ ಕಾಸಿಲ್ಲ, ಅವನು ಲ್ಯಾಂಕಷೈರಿನ ಬಟ್ಟೆ ಕೊಳ್ಳುವುದಿಲ್ಲ, ಲಂಡನ್ನಿನ ಬ್ಯಾಂಕುಗಳು ಅಲುಗುತ್ತವೆ. ಸರಪಳಿಯ ನಡುವಿನ ಕೊಂಡಿ ನಮ್ಮ ರೈತ! ಮುಂದೆ ದೆಹಲಿಯ ಗೋಧಿ ಬೆಲೆಯನ್ನೂ ಸಾಕ್ಷಿಗೆ ಕರೆದರು. 1882ರಲ್ಲಿ ಈಜಲು ಹೋಗಿ ಮುಳುಗಿ ತೀರಿಕೊಂಡಾಗ ಅವರಿಗೆ 46 ವರ್ಷ. ಮಗ ಹರ್ಬರ್ಟ್ ಸ್ಟ್ಯಾನ್ಲಿ ಜೆವನ್ಸ್ ಸೂರ್ಯನ ಶಾಖ ಮತ್ತು ವ್ಯಾಪಾರದ ಬಗ್ಗೆಯೇ 1910ರಲ್ಲಿ ಪುಸ್ತಕ ತಂದರು, ಬಳಿಕ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಅಪ್ಪ ಕಾಗದದ ಮೇಲೆ ಎಳೆದ ಸರಪಳಿಯ ತುದಿ ಹಿಡಿದು ಮಗ ಇಲ್ಲಿಗೇ ಬಂದಂತಾಯಿತು.

ಜೆವನ್ಸ್ ಅಷ್ಟೆಲ್ಲ ಬರೆಯುತ್ತಿದ್ದ ಹೊತ್ತಿನಲ್ಲಿ ಇಲ್ಲಿ ಏನಾಗುತ್ತಿತ್ತು? 1876ರಿಂದ 78. ಧಾತು, ಈಶ್ವರ ಸಂವತ್ಸರಗಳ ಬರ. ಮೈಸೂರು ಸೀಮೆಯ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ಮೀರಿತ್ತು, 1881ರ ಗಣತಿಗೆ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಅದೇ ಕಾಲಕ್ಕೆ ಸರ್ಕಾರದ ಅಂಕಿಅಂಶ ಅಧಿಕಾರಿ ವಿಲಿಯಂ ಹಂಟರ್ ಮದ್ರಾಸಿನ ಮಳೆಯ ಲೆಕ್ಕ ತೆಗೆದು, ಬರವೂ ಸೌರಕಲೆಗಳ ಜೊತೆಗೇ ಬರುತ್ತದೆ ಎಂದು ವಾದಿಸಿದ. ದೇಶದಲ್ಲಿ ಹಸಿವಿದ್ದರೂ ಹಡಗುಗಳಲ್ಲಿ ಗೋಧಿ ಹೊರಗೆ ಹೋಗುತ್ತಲೇ ಇತ್ತು. ತಪ್ಪು ಸೂರ್ಯನದೆಂದು ಸಾಬೀತಾದರೆ ಎಷ್ಟು ಜನರಿಗೆ ನೆಮ್ಮದಿ ನೋಡಿ! ಗ್ರಹಗಳ ಮೇಲೆ ಹೊರೆ ಹಾಕುವುದರಲ್ಲಿ ಈ ಅನುಕೂಲ ಯಾವಾಗಲೂ ಇದೆ. ನಷ್ಟಕ್ಕೆ ತಡೆಯಾಗಿ ಸ್ಟಾಪ್ ಲಾಸ್ ಹಾಕಲಿಲ್ಲ ಎನ್ನುವುದಕ್ಕಿಂತ ಬುಧ ವಕ್ರನಾಗಿದ್ದ ಎನ್ನುವುದು ಹಗುರ.

ಆದರೆ ಆ ಬರದ ನೆನಪಿನಿಂದ ಒಂದು ಒಳ್ಳೆಯದೂ ಹುಟ್ಟಿತು. ಸೂರ್ಯನನ್ನು ದಿನಾ ನೋಡಿದರೆ ಮುಂಗಾರಿನ ಗುಟ್ಟು ತಿಳಿಯಬಹುದೆಂಬ ಆಸೆಯಿಂದ 1899ರಲ್ಲಿ ಕೊಡೈಕೆನಾಲಿನಲ್ಲಿ ಸೌರ ವೀಕ್ಷಣಾಲಯ ನಿಂತಿತು. ಇಂದು ಅದನ್ನು ನಡೆಸುತ್ತಿರುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. 1904ರಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಗಿಲ್ಬರ್ಟ್ ವಾಕರ್ ಬಂದರು. ಕೇಂಬ್ರಿಡ್ಜಿನ ಗಣಿತಜ್ಞ, ಬೂಮರಾಂಗ್ ಎಸೆಯುವುದು ಅವರ ಹುಚ್ಚು. ಮುಂಗಾರನ್ನು ಮೊದಲೇ ಹೇಳಬೇಕೆಂದು ಅವರು ಜಗತ್ತಿನ ಮೂಲೆಮೂಲೆಯ ಒತ್ತಡ, ಉಷ್ಣಾಂಶ, ಮಳೆಯ ಅಂಕಿಗಳನ್ನು ತರಿಸಿ ಒಂದರೊಡನೊಂದು ತಾಳೆ ನೋಡಲು ಗುಮಾಸ್ತರನ್ನು ಕೂರಿಸಿದರು. ಕಂಪ್ಯೂಟರ್ ಎಂದರೆ ಆಗ ಲೆಕ್ಕ ಮಾಡುವ ಮನುಷ್ಯ. ಸೌರಕಲೆಗಳನ್ನೂ ಬಿಡಲಿಲ್ಲ. ಸಂಬಂಧ ಇದ್ದರೂ ತೀರಾ ಸಣ್ಣದು, ಅದನ್ನು ನಂಬಿ ಮಳೆಯ ಭವಿಷ್ಯ ಹೇಳಲಾಗದು ಎಂಬಲ್ಲಿಗೆ ಬಂದರು. ಸೂರ್ಯನಲ್ಲಿ ಸಿಗದ್ದು ಪೆಸಿಫಿಕ್ ಸಾಗರದಲ್ಲಿ ಸಿಕ್ಕಿತು. ಸಾಗರದ ಎರಡು ಕಡೆಯ ಒತ್ತಡ ತಕ್ಕಡಿಯಂತೆ ತೂಗುವುದನ್ನು ಅವರು ಗುರುತಿಸಿದರು. ಇಂದು ಟೀವಿಯಲ್ಲಿ ಎಲ್ ನಿನೊ ಎಂದು ನಾವು ಕೇಳುವುದರ ಅರ್ಧ ಭಾಗ ಅದು.

ನಾನು ಇಷ್ಟು ದೂರ ಸುತ್ತಿಸಿ ತಂದದ್ದು ವಾಕರ್ 1914ರಲ್ಲಿ ಬರೆದ ಒಂದು ಸಣ್ಣ ಟಿಪ್ಪಣಿಗಾಗಿ. ಅದು ಚಕ್ರಗಳನ್ನು, ಸಂಬಂಧಗಳನ್ನು ನಂಬುವುದು ಯಾವಾಗ ಎಂಬುದರ ಬಗ್ಗೆ. ನೀವು ನೂರು ಜೋಡಿಗಳನ್ನು ತಾಳೆ ನೋಡಿ, ಅವುಗಳಲ್ಲಿ ಅತಿ ಚೆನ್ನಾಗಿ ಹೊಂದಿದ ಒಂದನ್ನು ಮೇಜಿನ ಮೇಲಿಟ್ಟಿರಿ ಎನ್ನಿ. ಆ ಒಂದನ್ನು ಒಂಟಿಯಾಗಿ ತೂಗಬಾರದು. ಏನೂ ಸಂಬಂಧವಿಲ್ಲದ ನೂರು ಜೋಡಿಗಳಲ್ಲೂ ಅತಿ ದೊಡ್ಡದೊಂದು ಇದ್ದೇ ಇರುತ್ತದಲ್ಲ, ಅದು ಎಷ್ಟಿರುತ್ತಿತ್ತು? ನಿಮ್ಮದು ಅದನ್ನು ಮೀರಿದೆಯೇ? ಭಾರತದ ಮಳೆಯ ಚಿಂತೆಯಲ್ಲಿ ಹುಟ್ಟಿದ ಪ್ರಶ್ನೆ ಇದು: ಎಷ್ಟು ಸಲ ಬಲೆ ಬೀಸಿದ ಮೇಲೆ ಈ ಮೀನು ಬಿತ್ತು?

ಈಗ ಗ್ರಹಗಳಿಗೆ ಬರೋಣ. ನವಗ್ರಹಗಳಲ್ಲಿ ಎರಡೆರಡನ್ನು ಜೋಡಿ ಮಾಡಿದರೆ 36 ಜೋಡಿ. ರಾಹು ಕೇತುಗಳು ಸದಾ ಎದುರುಬದುರು, ಅವರನ್ನು ಬಿಟ್ಟರೆ 35. ಒಂದೊಂದು ಜೋಡಿಗೂ ಯುತಿ, 60, 90, 120, 180 ಡಿಗ್ರಿ ಎಂದು ಐದು ದೃಷ್ಟಿ. ಸೂರ್ಯನನ್ನು ಬಿಟ್ಟು ದೂರ ಹೋಗಲಾರದ ಬುಧ ಶುಕ್ರರ ಕೆಲವು ಅಸಾಧ್ಯ ಕೋನಗಳನ್ನು ಕಳೆದರೂ ನೂರೈವತ್ತಕ್ಕೂ ಮೇಲೆ ಉಳಿಯುತ್ತವೆ. ರಾಶಿ, ನಕ್ಷತ್ರ, ವಕ್ರ, ಅಸ್ತ ಇನ್ನೂ ಮುಟ್ಟಿಲ್ಲ. ಕಾಕತಾಳೀಯಕ್ಕೆ ಇಪ್ಪತ್ತರಲ್ಲಿ ಒಂದು ಅವಕಾಶ ಕೊಡುವ ನಮ್ಮ ಸಾಮಾನ್ಯ ಪರೀಕ್ಷೆ ಇಟ್ಟರೂ ಏಳೆಂಟು 'ಯೋಗ'ಗಳು ಪುಕ್ಕಟೆಯಾಗಿ ಪಾಸಾಗುತ್ತವೆ. ಪುಸ್ತಕ ಬರೆಯಲು ಅಷ್ಟು ಸಾಕು. ಬುಧನೊಬ್ಬನನ್ನೇ ನೋಡಿ. ವರ್ಷಕ್ಕೆ ಮೂರು ಸಲ, ಸುಮಾರು ಮೂರು ಮೂರು ವಾರ ವಕ್ರ. ಹಿಂದೊಂದು ವಾರ ಮುಂದೊಂದು ವಾರ 'ಛಾಯೆ' ಎಂದು ಸೇರಿಸಿದರೆ 52 ವಾರಗಳಲ್ಲಿ 15 ಅವನದೇ. ಇದರ ಮೇಲೆ ವರ್ಷಕ್ಕೆ ಕಡಿಮೆಯೆಂದರೂ ನಾಲ್ಕು ಗ್ರಹಣ. ಯಾವ ಕುಸಿತದ ಪಕ್ಕದಲ್ಲಿ ಯಾವ ಗ್ರಹ ನಿಂತಿರುವುದಿಲ್ಲ ಹೇಳಿ!

ಒಂದು ಉದಾಹರಣೆಯನ್ನು ಪೂರ್ತಿ ಬಿಚ್ಚುತ್ತೇನೆ, ಅದು ಬಹಳ ರುಚಿಯಾದದ್ದು. 2024ರ ಜೂನ್ 4, ಲೋಕಸಭೆ ಚುನಾವಣೆಯ ಎಣಿಕೆ. ಹಿಂದಿನ ದಿನ ಮತಗಟ್ಟೆ ಸಮೀಕ್ಷೆಗಳ ಖುಷಿಯಲ್ಲಿ ಸೆನ್ಸೆಕ್ಸ್ 2,507 ಅಂಶ ಹಾರಿತ್ತು. ಅಂದು 4,389 ಅಂಶ ಬಿತ್ತು. ಆ ದಿನ ಆಕಾಶದಲ್ಲಿ ಏನಾಯಿತು ಗೊತ್ತೇ? ಶುಕ್ರ ಸರಿಯಾಗಿ ಸೂರ್ಯನ ಹಿಂದೆ ಮರೆಯಾದ. ಖಗೋಳಜ್ಞರು ಅದನ್ನು ಉಚ್ಚಯುತಿ ಎನ್ನುತ್ತಾರೆ. ಹಿಂದೆ ಮುಂದೆ ಒಂದು ದಿನವೂ ಅಲ್ಲ, ಅದೇ ದಿನ. ಭೋಗಕಾರಕ ಶುಕ್ರ ಮುಳುಗಿದ, ಪೇಟೆ ಮುಳುಗಿತು. ಯಾವ ಜ್ಯೋತಿಷಿಗೂ ಇದಕ್ಕಿಂತ ಚೆಂದದ ಸಾಕ್ಷಿ ಸಿಗಲಾರದು. ಇದನ್ನು ಮೊದಲು ಗಮನಿಸಿದಾಗ ನನ್ನ ಮೈಯೂ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಹಳೆಯ ಚಾಳಿ ಎಚ್ಚರವಾಯಿತು. ಇದೇ ಯುತಿ 584 ದಿನಕ್ಕೊಮ್ಮೆ ಬರುತ್ತದೆ. ಹಿಂದಿನವು ಯಾವಾಗ? 2022ರ ಅಕ್ಟೋಬರ್ 22, ಶನಿವಾರ, ಪೇಟೆಗೆ ರಜೆ. 2021ರ ಮಾರ್ಚ್ 26, ಸೆನ್ಸೆಕ್ಸ್ ಐನೂರಕ್ಕೂ ಹೆಚ್ಚು ಅಂಶ ಏರಿತು. 2019ರ ಆಗಸ್ಟ್ 14, ಏರಿತು. 2018ರ ಜನವರಿ 9, ಅಂದೂ ಏರಿತು. ಇದನ್ನೇ ಜ್ಯೋತಿಷ ಬಲ್ಲ ಗೆಳೆಯರೊಬ್ಬರ ಮುಂದಿಟ್ಟೆ. 'ಶುಕ್ರನೊಬ್ಬನನ್ನೇ ನೋಡಿದರೆ ಆಗುತ್ತಾ? ಆ ಮೇ-ಜೂನ್‌ನಲ್ಲಿ ಗುರುವೂ ಸೂರ್ಯನ ಬೆಳಕಿನಲ್ಲಿ ಮರೆಯಾಗಿದ್ದ, ಅವನಿಗೂ ಮೌಢ್ಯ ಇತ್ತಲ್ಲ' ಎಂದರು. ಸರಿ, ಗುರುವನ್ನೂ ಸೇರಿಸೋಣ. ಆಗ ಹಿಂದಿನ ಎಷ್ಟು ದಿನಗಳು ನಮಗೆ ಸಾಕ್ಷಿ ಹೇಳಲು ಉಳಿಯುತ್ತವೆ? ಬೆರಳೆಣಿಕೆಗೂ ಇಲ್ಲ. ಶನಿ ಎಲ್ಲಿದ್ದ ಎಂಬುದನ್ನೂ ಸೇರಿಸಿದರೆ ಉಳಿಯುವುದು ಜೂನ್ 4 ಒಂದೇ. ಆಕಾಶ ಯಾವ ದಿನವೂ ಹಿಂದಿನಂತೆಯೇ ಇರುವುದಿಲ್ಲ. ಷರತ್ತು ಸೇರಿಸುತ್ತಾ ಹೋದರೆ ಪ್ರತಿ ಕುಸಿತಕ್ಕೂ ಅದರದೇ ಆದ, ಇನ್ನೆಂದೂ ಬಾರದ ಒಂದು ಯೋಗ ಸಿಕ್ಕೇ ಸಿಗುತ್ತದೆ. ಅಂದಹಾಗೆ, ಪೇಟೆ ಮರುದಿನವೇ 2,303 ಅಂಶ ಏರಿ, ಆ ವಾರ ಮುಗಿಯುವುದರೊಳಗೆ ಹೊಸ ದಾಖಲೆ ಮುಟ್ಟಿತು. ಶುಕ್ರ ಇನ್ನೂ ಮೌಢ್ಯದಲ್ಲೇ ಇದ್ದ.

ಶುಕ್ರನ ಈ ನಂಟು ನಮ್ಮವರದಷ್ಟೇ ಅಲ್ಲ. ಐದು ಯುತಿ ಸೇರಿದರೆ ಎಂಟು ವರ್ಷ. ಕೊಲಂಬಿಯಾ ವಿಶ್ವವಿದ್ಯಾಲಯದ ಹೆನ್ರಿ ಲುಡ್‌ವೆಲ್ ಮೂರ್ ಅಮೆರಿಕದ ಬೆಳೆಗಳಲ್ಲಿ, ಬೆಲೆಗಳಲ್ಲಿ ಎಂಟು ವರ್ಷದ ಚಕ್ರ ಕಂಡು, 1923ರ ಪುಸ್ತಕದಲ್ಲಿ ಅದಕ್ಕೆ ಶುಕ್ರನೇ ಕಾರಣ ಎಂದರು. ಆರ್ಥಿಕ ಅಂಕಿಗಳಿಗೆ ಗಣಿತ ಹಚ್ಚಿದ ಮೊದಲಿಗರಲ್ಲೊಬ್ಬರು ಅವರು. ಬುದ್ಧಿವಂತರು ಬಲೆಗೆ ಬೀಳುವುದಿಲ್ಲ ಎಂದುಕೊಳ್ಳಬೇಡಿ. ನ್ಯೂಟನ್ ಷೇರಿನಲ್ಲಿ ಕಳೆದುಕೊಂಡ ಕಥೆ ನಿಮಗೆ ಗೊತ್ತೇ ಇದೆ, ಬಿಡಿ.

ಇಂದಿನ ಹುಡುಗರ ದೇವರು ಬೇರೆ, ಡಬ್ಲ್ಯು. ಡಿ. ಗ್ಯಾನ್. 1878ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿ 1955ರಲ್ಲಿ ತೀರಿಕೊಂಡವರು. ಕೋನಗಳು, ಒಂಬತ್ತರ ಚೌಕ, ಗ್ರಹಗಳ ಅಂಶಗಳನ್ನು ಬೆಲೆಗೆ ಇಳಿಸುವ ಲೆಕ್ಕ, ಎಲ್ಲ ಅವರ ಹೆಸರಿನಲ್ಲಿದೆ. 1909ರಲ್ಲಿ ಒಂದು ಪತ್ರಿಕೆಯವರ ಕಣ್ಣೆದುರಿಗೇ 25 ದಿನಗಳಲ್ಲಿ 286 ವಹಿವಾಟು ಮಾಡಿ 264ರಲ್ಲಿ ಗೆದ್ದರೆಂದು ಆ ಪತ್ರಿಕೆ ಬರೆಯಿತು. ಈ ಅಂಕಿ ಎಲ್ಲ ಜಾಹೀರಾತಿನಲ್ಲೂ ಇರುತ್ತದೆ. ಅಲೆಕ್ಸಾಂಡರ್ ಎಲ್ಡರ್ ಎಂಬ ವೈದ್ಯ-ವ್ಯಾಪಾರಿ ಗ್ಯಾನ್ ಅವರ ಮಗನನ್ನೇ ಮಾತಾಡಿಸಿ ಬರೆದದ್ದು ಜಾಹೀರಾತಿನಲ್ಲಿ ಇರುವುದಿಲ್ಲ: ತಂದೆಗೆ ವಹಿವಾಟಿನಿಂದ ಸಂಸಾರ ಸಾಗುತ್ತಿರಲಿಲ್ಲ, ಪಾಠ ಮಾರಿ ಸಾಗಿಸಿದರು, ಸತ್ತಾಗ ಬಿಟ್ಟುಹೋದದ್ದು ಮನೆ ಸೇರಿ ಒಂದು ಲಕ್ಷ ಡಾಲರಿಗಿಂತ ಸ್ವಲ್ಪ ಹೆಚ್ಚು. ಅಂಗಡಿ ಲಾಭದಲ್ಲಿದ್ದರೆ ಅಂಗಡಿ ನಡೆಸುವ ವಿದ್ಯೆಯನ್ನು ಯಾರೂ ತಳ್ಳುಗಾಡಿಯಲ್ಲಿಟ್ಟು ಮಾರುವುದಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದರು.

1930ರ ದಶಕದ ಕೊನೆಗೆ ಲೂಯಿಸ್ ಮ್ಯಾಕ್‌ವರ್ಟರ್ ಎಂಬ ಹೆಸರಿನಲ್ಲಿ ಇನ್ನೊಂದು ಪುಸ್ತಕ ಬಂತು. ಅದರ ಪ್ರಕಾರ ವ್ಯಾಪಾರದ ಏರಿಳಿತ ನಡೆಸುವವನು ಚಂದ್ರನ ಪಾತಬಿಂದು, ಅಂದರೆ ನಮ್ಮ ರಾಹು. 18.6 ವರ್ಷಕ್ಕೆ ಒಂದು ಸುತ್ತು, ಕುಂಭದಲ್ಲಿ ತಳ, ಸಿಂಹದಲ್ಲಿ ಶಿಖರ. ನ್ಯೂಯಾರ್ಕ್ ಪೇಟೆಗೆ 1792ರ ಮೇ 17ರ ಜಾತಕ ಬೇರೆ. ನಮ್ಮಲ್ಲೂ ಸೂಚ್ಯಂಕಗಳಿಗೆ ಜಾತಕ ಬರೆಯುವವರಿದ್ದಾರೆ. ಸೆನ್ಸೆಕ್ಸ್ ಪ್ರಕಟವಾಗಲು ಶುರುವಾದದ್ದು 1986ರ ಜನವರಿ 1ರಂದು, ಆದರೆ ಅದರ ಆಧಾರ ವರ್ಷ 1978-79. ನಿಫ್ಟಿ ಹೊರಬಂದದ್ದು 1996ರ ಏಪ್ರಿಲ್‌ನಲ್ಲಿ, ಸಾವಿರ ಎಂದು ಎಣಿಸಿದ್ದು 1995ರ ನವೆಂಬರ್ 3ರಿಂದ. ಹುಟ್ಟುವ ಮೊದಲೇ ವಯಸ್ಸಿದ್ದ ಈ ಕೂಸುಗಳಿಗೆ ಲಗ್ನ ಯಾವುದು? ಇನ್ನು ಶನಿಯ ಚಕ್ರ ನೋಡೋಣವೆಂದರೆ, ಮುಂಬೈ ಪೇಟೆ 1875ರಲ್ಲಿ ಹುಟ್ಟಿ 150 ವರ್ಷವಾಯಿತು. ಮೂವತ್ತು ವರ್ಷದ ಶನಿ ಅದರ ತಲೆಯ ಮೇಲೆ ಸುತ್ತಿದ್ದು ಐದೇ ಸಲ. ಐದು ಸಲ ನಾಣ್ಯ ಚಿಮ್ಮಿ ನಾಣ್ಯದ ಗುಣ ಹೇಳುವ ವಿದ್ಯಾರ್ಥಿಗೆ ನಾನು ಅಂಕ ಕೊಟ್ಟವನಲ್ಲ.

ಹಾಗಾದರೆ ಪೇಟೆಯ ಚಿತ್ರದಲ್ಲಿ ನಮ್ಮ ಕಣ್ಣಿಗೆ ಕಾಣುವ ಅಲೆಗಳೆಲ್ಲ ಸುಳ್ಳೇ? ಅದಕ್ಕೆ ಉತ್ತರ ಕೊಟ್ಟವರು ಯೆವ್‌ಗೆನಿ ಸ್ಲುಟ್ಸ್ಕಿ. ಮಾಸ್ಕೋದಲ್ಲಿ, ಐವತ್ತು ಅರವತ್ತು ವರ್ಷದ ದೀರ್ಘ ಅಲೆಗಳಿಗೆ ಹೆಸರಾದ ಕೊಂಡ್ರಾಟಿಯೆವ್ ನಡೆಸುತ್ತಿದ್ದ ಸಂಸ್ಥೆಯಲ್ಲೇ ಇದ್ದವರು. 1927ರಲ್ಲಿ ಅವರು ಸರ್ಕಾರಿ ಲಾಟರಿಯಲ್ಲಿ ಬಂದ ಸಂಖ್ಯೆಗಳ ಕೊನೆಯ ಅಂಕಿಗಳನ್ನು ತೆಗೆದುಕೊಂಡು, ಹತ್ತು ಹತ್ತನ್ನು ಸಾಲಾಗಿ ಕೂಡಿಸುತ್ತಾ, ಪ್ರತಿ ಸಲ ಹಿಂದಿನದೊಂದು ಬಿಟ್ಟು ಮುಂದಿನದೊಂದು ಸೇರಿಸುತ್ತಾ ಗೆರೆ ಎಳೆದರು. ಎದ್ದು ಬಿದ್ದು ಸಾಗಿದ ಆ ಗೆರೆಯನ್ನು 1855ರಿಂದ 77ರವರೆಗಿನ ಇಂಗ್ಲೆಂಡಿನ ವ್ಯಾಪಾರದ ಗೆರೆಯ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಂತೆ ಕಂಡವು. ಜೆವನ್ಸ್ ಯಾವ ಬಿಕ್ಕಟ್ಟುಗಳಿಗೆ ಸೂರ್ಯನ ತನಕ ಏಣಿ ಹಾಕಿದರೋ ಅದೇ ಕಾಲದ ಗೆರೆ ಅದು! ಲಾಟರಿಗೆ ಯಾವ ಗ್ರಹ? ಕುರುಡು ಪೆಟ್ಟುಗಳೂ ಒಂದರ ಮೇಲೊಂದು ಕೂಡುತ್ತಾ ಹೋದರೆ ಅಲೆ ತಾನಾಗಿ ಏಳುತ್ತದೆ. ನಿಮ್ಮ ಮೊಬೈಲಿನಲ್ಲಿ 50 ದಿನದ ಸರಾಸರಿ, 200 ದಿನದ ಸರಾಸರಿ ಎಂದು ಬಣ್ಣದ ಗೆರೆಗಳು ಬರುತ್ತವಲ್ಲ, ಅವೂ ಇದೇ ಕೂಡಿಸುವ ಯಂತ್ರಗಳು. 

ಇಷ್ಟು ಹೇಳಿದ ಮೇಲೂ ಪಂಚಾಂಗಕ್ಕೂ ಪೇಟೆಗೂ ನಂಟಿಲ್ಲ ಎನ್ನಲಾರೆ. ನಂಟಿದೆ, ಆದರೆ ಅದು ನಮ್ಮ ಮೂಲಕ ಹಾಯುತ್ತದೆ. ನಮ್ಮ ಭಾಷೆಯಲ್ಲಿ ಮೌಢ್ಯ ಎಂಬ ಮಾತಿಗೆ ಎರಡು ಅರ್ಥ. ಗ್ರಹ ಸೂರ್ಯನ ಬೆಳಕಿನಲ್ಲಿ ಮುಳುಗಿ ಕಾಣದಾದರೆ ಮೌಢ್ಯ, ಮನುಷ್ಯ ಕತ್ತಲಲ್ಲಿ ಮುಳುಗಿ ಕಾಣದಾದರೂ ಮೌಢ್ಯ. 2024ರ ಮೇ-ಜೂನ್‌ನಲ್ಲಿ ಗುರುಮೌಢ್ಯ ಶುಕ್ರಮೌಢ್ಯ ಎರಡೂ ಸೇರಿ ಮದುವೆಯ ಲಗ್ನಗಳು ನಿಂತವು. ಛತ್ರ, ಪೆಂಡಾಲು, ವಾಲಗ, ಅಡುಗೆಯವರು, ಒಡವೆ ಅಂಗಡಿ, ಎಲ್ಲರಿಗೂ ಶುಕ್ರನ ಬಿಸಿ ತಟ್ಟಿತು. ಅಧಿಕ ಮಾಸ ಬಂದರೆ ಹೀಗೇ, ಪಿತೃಪಕ್ಷದಲ್ಲಿ ಹೊಸ ಬೈಕು ಕೊಳ್ಳುವವರು ಕಡಿಮೆ, ಅಕ್ಷಯ ತದಿಗೆಯಂದು ಚಿನ್ನದಂಗಡಿಯ ಮುಂದೆ ಸಾಲು. ನಮ್ಮೂರುಗಳ 'ಆಷಾಢ ಸೇಲ್' ಎಂಬುದು ಪಂಚಾಂಗವನ್ನು ಲಾಭಕ್ಕೆ ತಿರುಗಿಸಿದ ಶುದ್ಧ ವ್ಯಾಪಾರಬುದ್ಧಿ. ಮುಂಬೈ ಪೇಟೆ 1957ರಿಂದ ದೀಪಾವಳಿಯ ದಿನ ಒಂದು ಗಂಟೆಯ ಮುಹೂರ್ತ ವಹಿವಾಟು ನಡೆಸುತ್ತಿದೆ. ಅಂದು ಶಾಸ್ತ್ರಕ್ಕೆಂದು ನಾಲ್ಕು ಷೇರು ಕೊಳ್ಳುವವರೇ ಹೆಚ್ಚು, ಮಾರುವ ಮನಸ್ಸು ಕಡಿಮೆ. ಸಾಮಾನ್ಯವಾಗಿ ಆ ದಿನ ಅಮಾವಾಸ್ಯೆ ಎಂಬುದನ್ನೂ ಗಮನಿಸಿ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ 48 ದೇಶಗಳ ಪೇಟೆಗಳನ್ನು ನೋಡಿ, ಹುಣ್ಣಿಮೆಯ ಆಸುಪಾಸಿಗಿಂತ ಅಮಾವಾಸ್ಯೆಯ ಆಸುಪಾಸಿನಲ್ಲಿ ಗಳಿಕೆ ಹೆಚ್ಚು, ವರ್ಷಕ್ಕೆ ಶೇಕಡಾ 3ರಿಂದ 5ರಷ್ಟು ವ್ಯತ್ಯಾಸ ಎಂದಿತು. ಅದಕ್ಕೆ ಅವರು ಊಹಿಸಿದ ಕಾರಣವೂ ಮನುಷ್ಯರ ಮನಸ್ಸೇ. ನಿಜವೆಂದೇ ಇಟ್ಟುಕೊಳ್ಳಿ, ತಿಂಗಳಿಗೆ ಎರಡು ಸಲ ಕೊಂಡು ಮಾರಿದರೆ ಆ ಲಾಭವನ್ನು ದಲ್ಲಾಳಿ, ತೆರಿಗೆ ತಿಂದು ಮುಗಿಸುತ್ತಾರೆ. ನಮ್ಮಜ್ಜಿ ಅಮಾವಾಸ್ಯೆ ದಿನ ಮನೆಯಿಂದ ಹೊರಗೆ ಕಾಲಿಡಲು ಬಿಡುತ್ತಿರಲಿಲ್ಲ, ಅವರಿಗೆ ಈ ಅಧ್ಯಯನ ಹೇಳಬೇಕಿತ್ತು.

ರಾಹುಕಾಲದ ಬಗ್ಗೆ ಮಾತ್ರ ನನಗೆ ಒಂದು ಬಗೆಯ ಪ್ರೀತಿ, ಅದು ಗಡಿಯಾರ ಹಿಡಿದು ಮಾತಾಡುತ್ತದೆ. ಸೋಮವಾರ ಬೆಳಿಗ್ಗೆ 7.30ರಿಂದ 9. ಪೇಟೆ ತೆರೆಯುವ 9.15ಕ್ಕೆ ರಾಹು ಬಾಗಿಲು ಹಾಕಿಕೊಂಡು ಹೋಗಿರುತ್ತಾನೆ. ಮಂಗಳವಾರ ಮಧ್ಯಾಹ್ನ 3ಕ್ಕೆ ಬಂದು ಪೇಟೆ ಮುಚ್ಚುವ ಮುನ್ನ ಅರ್ಧ ಗಂಟೆ ಸಿಗುತ್ತಾನೆ. ಬುಧ, ಗುರು, ಶುಕ್ರವಾರಗಳಲ್ಲಿ ಪೂರ್ತಿ ಒಂದೂವರೆ ಗಂಟೆ ಪೇಟೆಯಲ್ಲೇ ಠಿಕಾಣಿ. ಹಾಗಿದ್ದರೆ ಸೋಮವಾರದ ವಹಿವಾಟು ವಾರದಲ್ಲೇ ಸುಖವಾಗಿರಬೇಕು. 2020ರ ಮಾರ್ಚ್ 23ರಂದು, ಲಾಕ್‌ಡೌನಿನ ಹೊಸ್ತಿಲಲ್ಲಿ, ಸೆನ್ಸೆಕ್ಸ್ ಒಂದೇ ದಿನ 3,934 ಅಂಶ, ಶೇಕಡಾ 13ರಷ್ಟು ಬಿತ್ತಲ್ಲ, ಅದು ಸೋಮವಾರ. ಒಂದು ದಿನದಿಂದ ಏನೂ ಸಾಬೀತಾಗುವುದಿಲ್ಲ ಎಂದು ಜೂನ್ 4ಕ್ಕೆ ಹೇಳಿದ ಮಾತನ್ನು ಇಲ್ಲೂ ಹೇಳಬೇಕು, ಹೇಳುತ್ತೇನೆ. ಇನ್ನೊಂದು ತಮಾಷೆ. 2025ರ ಸೆಪ್ಟೆಂಬರ್‌ನಿಂದ ನಿಫ್ಟಿಯ ಎಕ್ಸ್‌ಪೈರಿ ಗುರುವಾರದಿಂದ ಮಂಗಳವಾರಕ್ಕೆ ಬಂತು, ಸೆನ್ಸೆಕ್ಸ್‌ನದು ಮಂಗಳವಾರದಿಂದ ಗುರುವಾರಕ್ಕೆ ಹೋಯಿತು. ಗುರು ಮಂಗಳರ ಮನೆ ಅದಲುಬದಲು, ಶಾಸ್ತ್ರದ ಮಾತಿನಲ್ಲಿ ಪರಿವರ್ತನ ಯೋಗ. ಮಾಡಿದವರು ಷೇರುಪೇಟೆಯ ನಿಯಂತ್ರಕ ಸೆಬಿ ಮತ್ತು ಎರಡು ವಿನಿಮಯ ಕೇಂದ್ರಗಳು.

ಸೆಬಿಯದೇ ಇನ್ನೊಂದು ಲೆಕ್ಕ, ಇದರಲ್ಲಿ ತಮಾಷೆ ಇಲ್ಲ. 2021-22ರಿಂದ 2023-24ರವರೆಗೆ ಷೇರು ಫ್ಯೂಚರ್ಸ್-ಆಪ್ಷನ್ಸ್ ಆಡಿದ ಒಂದು ಕೋಟಿಗೂ ಮೀರಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ಮೂರು ವರ್ಷದಲ್ಲಿ ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಖರ್ಚು ಸೇರಿ ತಲೆಗೆ ಸರಾಸರಿ 2 ಲಕ್ಷ. ನಮ್ಮ ಹುಡುಗನದು ಸರಾಸರಿಗಿಂತ ಹೆಚ್ಚೇ ಹೋಯಿತು. ಅವನಿಗೆ ಗೋಚಾರ ಕಳಿಸುತ್ತಿದ್ದ ಟೆಲಿಗ್ರಾಂ ಚಾನೆಲ್ಲಿನ ಹಳೆಯ ಸಂದೇಶಗಳನ್ನು ಇಬ್ಬರೂ ಕೂತು ತೆಗೆದೆವು. ತಪ್ಪಿದ ಭವಿಷ್ಯಗಳು ಅಳಿಸಿಹೋಗಿದ್ದವು, ಫಲಿಸಿದವುಗಳ ಪಕ್ಕದಲ್ಲಿ ಪಟಾಕಿಯ ಚಿತ್ರ. ಜೆವನ್ಸ್ ತಮ್ಮ ಪ್ರಬಂಧವನ್ನೇ ವಾಪಸು ತೆಗೆದುಕೊಂಡದ್ದು ನನಗೆ ಆಗ ನೆನಪಾಯಿತು.

ಕೊನೆಗೆ ನಮ್ಮ ಬೀದಿಯ ಜೋಯಿಸರ ವಿಚಾರ. ಗುರುಮೌಢ್ಯದ ಮಾತು ತೆಗೆದ ಗೆಳೆಯರು ಅವರೇ. ನಾನು ಅವರಿಗೆ ಎರಡು ಗೆರೆಯ ನೋಟುಪುಸ್ತಕವೊಂದನ್ನು ಕೊಟ್ಟು, ಪ್ರತಿ ಅಮಾವಾಸ್ಯೆಯ ನಂತರದ ಮೊದಲ ವಹಿವಾಟಿನ ದಿನ ಸೂಚ್ಯಂಕ ಏರುತ್ತದೋ ಇಳಿಯುತ್ತದೋ ಮೊದಲೇ ಬರೆಯಿರಿ, ಒಂದೇ ಪದ, ಆದರೆ-ಗಿದರೆ ಇಲ್ಲ ಎಂದೆ. ಬೈಯುತ್ತಾರೆಂದುಕೊಂಡಿದ್ದೆ. ಕನ್ನಡಕ ಏರಿಸಿಕೊಂಡು ಗಂಟೆಗಟ್ಟಲೆ ಗಣಿತ ಮಾಡಿ ಬರೆದರು. ಬರೆದ ಪುಟವನ್ನು ಮಡಚಿ, ಅಂಟಿಸಿ, ಮೇಲೆ ತಾರೀಖು ಹಾಕಿ ಕೊಡುತ್ತಿದ್ದರು. ವರ್ಷ ಕಳೆದಾಗ ಹನ್ನೆರಡರಲ್ಲಿ ಏಳು ಸರಿ. ಅವರ ಮುಖ ಅರಳಿತು. ನಾಣ್ಯ ಚಿಮ್ಮಿದರೂ ಹನ್ನೆರಡರಲ್ಲಿ ಏಳೋ ಅದಕ್ಕಿಂತ ಹೆಚ್ಚೋ ಸರಿಬರುವ ಸಾಧ್ಯತೆ ನೂರಕ್ಕೆ 39ರ ಹತ್ತಿರ ಎಂದು ನಾನು ಹೇಳಬೇಕಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ಎಷ್ಟು ಅಮಾವಾಸ್ಯೆ ಆದರೆ ನೀವು ಒಪ್ಪುತ್ತೀರಿ?' ಎಂದು ಕೇಳಿದರು. ನಾನು ಲೆಕ್ಕ ಹಾಕಿ ನೂರು ಎಂದೆ. ಎಂಟು ವರ್ಷವಾಗುತ್ತದೆ. 'ನನಗೀಗ ಎಪ್ಪತ್ತನಾಲ್ಕು. ಆಯಸ್ಸು ಇದೆಯೋ ಇಲ್ಲವೋ ನನ್ನ ಜಾತಕದಲ್ಲಿ ನಾನು ನೋಡಿಕೊಂಡಿಲ್ಲ, ಬರೆಯೋಣ' ಎಂದು ಹೊಸ ಪುಟ ತೆರೆದರು.

ಮೂವತ್ತೊಂದನೆಯ ಚೀಟಿ ಈಗ ನನ್ನ ಚೀಲದಲ್ಲಿದೆ. ಬರುವ ಅಮಾವಾಸ್ಯೆ ಕಳೆದು, ಪೇಟೆ ಮುಚ್ಚಿದ ಮೇಲೆ, ಅವರ ಜಗಲಿಯಲ್ಲಿ ಕೂತು ತೆರೆಯುತ್ತೇವೆ.